ಬಂಗಡೆ ಲೆಕ್ಕ

ಡಾಲರು ಅಂದರೆ ತುಳಸಕ್ಕನ ತಲೆಗೆ ಹೋಗುವುದಿಲ್ಲ.
ಯೂರೋ, ಕ್ರೋನ, ಯೆನ್ ಅಂತ ಶುರು ಮಾಡಿದರೆ
ಕತ್ತಿಯ ತುದಿಯಲ್ಲಿ ನೊಣ ಓಡಿಸುತ್ತ
"ಬಂಗಡೆಯಲ್ಲಿ ಹೇಳು" ಅನ್ನುತ್ತಾಳೆ.

ಇಪ್ಪತ್ತೆರಡು ವರ್ಷ ಹಡಗಿನ ಅಡುಗೆಮನೆಯಲ್ಲಿ
ಈರುಳ್ಳಿ ಹೆಚ್ಚಿದವನು ನಾನು.
ಬಂದರು ಬಂದರಿನ ದರ ಬರೆದಿಟ್ಟ
ಎಣ್ಣೆ ಕುಡಿದ ನೋಟುಬುಕ್ಕು ಇನ್ನೂ ಇದೆ.
ಕಾರವಾರದ ಮೀನುಪೇಟೆಯ ಒದ್ದೆ ಕಟ್ಟೆಯ ಮೇಲೆ
ಅದನ್ನು ತೊಡೆಯ ಮೇಲಿಟ್ಟು ಗುಣಿಸುತ್ತೇನೆ, ಭಾಗಿಸುತ್ತೇನೆ.

ಬರ್ಗೆನ್ನಿನಲ್ಲಿ ಒಂದು ಸಲ ತಲೆಗೂದಲು ಕತ್ತರಿಸಲು
ತುಂಬಿದ ಒಂದು ಬುಟ್ಟಿ.
"ಅಷ್ಟಕ್ಕೆ ಹೊಸ ತಲೆಯನ್ನೇ ಕೊಡ್ತಾರೇನೋ"
ಪಕ್ಕದ ಗಿರಿಜೆ ನಗುತ್ತಾಳೆ
ಶೆಟ್ಲಿ ಸುಲಿಯುವ ಕೈ ನಿಲ್ಲಿಸದೆ.
ರೊಟರ್‌ಡ್ಯಾಮಿನಲ್ಲಿ ಒಂದು ಕೋಣೆಗೆ, ತಿಂಗಳಿಗೆ,
ಬೈತಖೋಲಕ್ಕೆ ಒಂದು ಬೋಟು ಇಡೀ ದಿನ ತಂದದ್ದು.
ಕೋಬೆಯಲ್ಲಿ ಒಂದೇ ಒಂದು ಕರಬೂಜದ ಹಣ್ಣು...
ನಂಬಲಿಲ್ಲ ಇಬ್ಬರೂ. ಬಿಟ್ಟೆ.
ಸ್ವಿಜರ್ಲೆಂಡ್ ಎಲ್ಲಕ್ಕಿಂತ ತುಟ್ಟಿಯಂತೆ.
ಅದಕ್ಕೆ ಸಮುದ್ರವಿಲ್ಲ, ನನ್ನ ಪುಸ್ತಕದಲ್ಲಿಲ್ಲ.

"ಮತ್ತೆ ಬದುಕೋದು ಹೇಗೆ ಅವರು?"
ಸಂಬಳವೂ ಬುಟ್ಟಿಗಟ್ಟಲೆ, ಅಂದೆ.
"ಮೀನು ಮಾರೋಳಿಗೂ?"
ಮೀನು ಮಾರೋಳಿಗೂ.
ಬರ್ಗೆನ್ನಿನ ಪೇಟೆಯಲ್ಲೊಬ್ಬಳಿದ್ದಳು, ನಿನ್ನದೇ ವಯಸ್ಸು,
ರಬ್ಬರಿನ ಬೂಟು, ನೀಲಿ ಕೈಗವಸು.
ಮೂರು ಗಂಟೆಗೆ ಅಂಗಡಿ ಮುಚ್ಚಿ
ಉಳಿದ ಮೀನಿಗೆ ಮಂಜುಗಡ್ಡೆ ಸುರಿದು
ಈಜಲು ಹೋಗುತ್ತಿದ್ದಳು.

"ಈಜಲು?"

ಹೌದು. ಸುಮ್ಮನೆ.

ಕಿವಿರು ಕೀಳುತ್ತಿದ್ದ ಬೆರಳು ನಿಂತಿತು.
ಹುಟ್ಟಿದ್ದು ಸಮುದ್ರದಿಂದ ನೂರು ಹೆಜ್ಜೆಗೆ,
ಮೊಣಕಾಲಿನಷ್ಟೇ ಅದರೊಳಗೆ ಹೋದವಳು.
ಅಲ್ಲಿಗೇ ಸುಮ್ಮನಿರಬೇಕಿತ್ತು ನಾನು.
ಅಲ್ಲಿ ಚೌಕಾಶಿ ಇಲ್ಲ ತುಳಸಕ್ಕ, ದರ ಬರೆದಿಟ್ಟಿರುತ್ತಾರೆ,
ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ,
ನಮ್ಮ ಪೇಟೆಯ ಗದ್ದಲವೇ ಚಂದ, ಎಂದೆಲ್ಲ
ಪಿಂಚಣಿ ಹಿಡಿದು ಊರಿಗೆ ಬಂದವರು ಆಡುವ ಮಾತು ಆಡಿದೆ.
"ಹೌದಾ," ಅಂದಳು.
"ನನ್ನ ಗಂಟಲಾದರೂ ಉಳೀತಿತ್ತು."

ಆಮೇಲೆ ಅವಳ ಲೆಕ್ಕ.

ಬೋಟುಗಳೆಲ್ಲ ದಡದಲ್ಲಿ ತಾಡಪಾಲು ಹೊದ್ದು ಮಲಗಿದ್ದ ಜೂನು.
ಪುರ್ಸು ಎದೆ ಹಿಡಿದುಕೊಂಡ.
ಇಲ್ಲಿಯ ಆಸ್ಪತ್ರೆಯವರು ಚೀಟಿ ಬರೆದು ಮಣಿಪಾಲ ಅಂದರು.
ಎಷ್ಟು ಬಂಗಡೆ ಅಂತ ಹೇಳಲಿ?
ಬಂಗಡೆಯೇ ಇಲ್ಲದ ತಿಂಗಳು ಅದು.
ಎರಡು ಬಳೆ ಗಾಡಿ ಹತ್ತುವ ಮೊದಲೇ ಹೋದವು.
ಅಂಕೋಲೆಯಲ್ಲಿ ನೀರು ಕೇಳಿದ.
ಕುಮಟೆಯಲ್ಲಿ, ಬೀಗ ಹಾಕಿದೆಯಾ ಅಂತ ಕೇಳಿದ.
ಹೊನ್ನಾವರದ ಸೇತುವೆಯ ಮೇಲೆ ಲಾರಿಗಳ ಸಾಲು,
ಮಳೆ, ಕೂಗಿ ಕೂಗಿ ದಣಿದ ಸೈರನ್.
ಭಟ್ಕಳ ದಾಟಿದ ಮೇಲೆ ಏನೂ ಕೇಳಲಿಲ್ಲ.
"ಡ್ರೈವರು ಅರ್ಧ ದುಡ್ಡು ವಾಪಸು ಕೊಟ್ಟ.
ಒಳ್ಳೆಯವನು. ಶಿರೂರಿನವನು."

ಗಿರಿಜೆ ತಲೆ ಎತ್ತಲಿಲ್ಲ.
ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು
ನನ್ನ ಚಪ್ಪಲಿಯ ಮೇಲೆ.

"ಆ ಈಜೋಳ ಊರಲ್ಲಿ
ಆಸ್ಪತ್ರೆ ಎಷ್ಟು ದೂರ?"

ಪುಸ್ತಕ ತಿರುವಿದೆ, ತಿರುವಬೇಕಲ್ಲ ಎಂದು.
ಈರುಳ್ಳಿ ಇದೆ, ಮೊಟ್ಟೆ ಇದೆ, ಲಿಂಬೆ ಇದೆ,
ಹನ್ನೊಂದು ಬಂದರಿನ ಬೆಳ್ಳುಳ್ಳಿ ಇದೆ.
ಗೊತ್ತಿಲ್ಲ, ಅಂದೆ.

ಗೊತ್ತಿತ್ತು.
ಅಲ್ಲೇ ಒಮ್ಮೆ ಬಾಣಲೆ ಮಗುಚಿ ತೋಳು ಬೆಂದಾಗ
ನೆಲಕ್ಕೆ ಚೆಲ್ಲಿದ ಎಣ್ಣೆ ಆರುವ ಮೊದಲೇ
ಗಾಡಿ ಬಂದು ನಿಂತಿತ್ತು ಹಡಗಿನ ಬುಡದಲ್ಲಿ.
ಅಂಗಿಯ ತೋಳು ಕೆಳಗೆ ಎಳೆದುಕೊಂಡೆ.

ಅಷ್ಟರಲ್ಲಿ ಸ್ಕೂಟರು ನಿಲ್ಲಿಸಿ ಯಾರೋ
ಹೆಲ್ಮೆಟ್ಟಿನ ಒಳಗಿಂದಲೇ ಕೇಳಿದರು,
ಹ್ಯಾಂಗೆ ಬಂಗಡೆ?
ನೂರಕ್ಕೆ ಆರು.
ಎಂಟು ಕೊಡಿ.
ಏಳಾದರೂ ಕೊಡಿ.

ತುಳಸಕ್ಕ ಬಾಯಿ ತೆರೆಯಲಿಲ್ಲ.
ಆರು ಎಣಿಸಿ ಎಲೆಯ ಮೇಲಿಟ್ಟು ಕೂತಳು
ಬರೆದಿಟ್ಟ ದರದ ಹಾಗೆ.