ಉಂಟು, ಇತ್ತು

ಜೂನ್ ಒಂದಕ್ಕೆ ಮಲ್ಪೆ ಬಂದರಿಗೆ ಬೀಗ.
ಬೋಟುಗಳೆಲ್ಲ ಪಕ್ಕೆಗೆ ಪಕ್ಕೆ ಒತ್ತಿ ನಿಂತು
ಹಗ್ಗದಲ್ಲಿ ಗೊರಕೆ ಹೊಡೆಯುತ್ತವೆ.
ಐಸ್ ಪ್ಲಾಂಟಿನ ಕಂಪ್ರೆಸರಿಗೂ ರಜೆ,
ನನಗಿಲ್ಲ. ಅರವತ್ತೊಂದು ರಾತ್ರಿ
ತಾಮ್ರದ ಕೇಬಲ್ಲಿಗೆ ಕಾವಲು.
ಜತೆಗೆ ಆಫೀಸಿನ ಹಳೆ ಕಂಪ್ಯೂಟರು,
ಅದರೊಳಗೆ ಒಂದು ಸಬ್‌ಮರೀನು.

ಪರದೆಯ ಮೂಲೆಯಿಂದ ಎಳೆದರೆ ಚಕ್ರ ಬರುತ್ತದೆ:
ಒಂದರ ಮೇಲೊಂದು ಮೂರು ತಟ್ಟೆ,
ನೀರುದೋಸೆ ಅಟ್ಟಿದ ಹಾಗೆ.
ಹೊರಗಿನದು ದಿಕ್ಕು. ನಡುವಿನದು ಅವನ ಹಡಗು.
ಒಳಗಿನದು ನಾನು.
ಮೌಸ್ ಹಿಡಿದು ತಿರುಗಿಸಿದರೆ ಟಿಕ್ ಟಿಕ್,
ಎಲ್ಲೂ ಇಲ್ಲದ ಹಿತ್ತಾಳೆಯ ಸದ್ದು.

ಹಳೆ ನಾವಿಕರು ಇದಕ್ಕೆ ತಮ್ಮ ಮಾತಿನಲ್ಲಿ
‘ಉಂಟು-ಇತ್ತು’ ಅನ್ನುತ್ತಿದ್ದರಂತೆ.
ಈಗ ಎಲ್ಲಿ ಉಂಟು, ಆಗ ಎಲ್ಲಿ ಇತ್ತು,
ಎರಡೂ ಗೊತ್ತಾದರೆ
ಇನ್ನೂ ಯಾರೂ ಮುಟ್ಟದ ನೀರಿನ ಒಂದು ಚೂರು ಸಿಗುತ್ತದೆ;
ಬಿಡಬೇಕಾದದ್ದು ಅಲ್ಲಿಗೆ.

ಇಷ್ಟು ತಿಳಿಯಲು ನನಗೆ ಹದಿನಾರು ರಾತ್ರಿ ಹಿಡಿಯಿತು.
ಮೊದಮೊದಲು ಕಂಡಲ್ಲಿಗೇ ಬಿಡುತ್ತಿದ್ದೆ,
ಟಾರ್ಪಿಡೋ ತಲುಪುವಾಗ ಅಲ್ಲಿ ನೊರೆ ಮಾತ್ರ.
ಸಂತೆಕಟ್ಟೆಯಲ್ಲಿ ಹೆದ್ದಾರಿ ದಾಟುವ ಮೀನಿನ ಹೆಂಗಸರಿಗೆ
ಈ ವಿದ್ಯೆ ತಲೆಯ ಸಿಂಬಿಯಲ್ಲೇ ಉಂಟು:
ಬಸ್ಸನ್ನು ನೋಡುವುದೇ ಇಲ್ಲ ಅವರು,
ಬಸ್ಸಿನ ಮುಂದಿನ ಖಾಲಿ ಡಾಮರನ್ನು ನೋಡುತ್ತಾರೆ.

ಶೀನಣ್ಣ ಬಂದದ್ದು ಮೊಬೈಲ್ ಚಾರ್ಜಿಗೆ.
ಶೀನ ತಿಂಗಳಾಯ, ಮೂವತ್ತು ವರ್ಷದ ತಂಡೇಲ,
ಎಡಗಣ್ಣಿಗೆ ಪೊರೆ ಬಂದಿದೆ.
‘ಪೆರಿಸ್ಕೋಪಿಗೆ ಒಂದೇ ಕಣ್ಣು ಸಾಕಲ್ಲ’ ಅಂತ
ಕುರ್ಚಿ ಎಳೆದು ಕೂತ.

ಪರದೆಯಲ್ಲಿ ಬೆಳಗಿನ ಜಾವ, ಒಂಟಿ ಸರಕು ಹಡಗು.
ನಾನು ಪುಸ್ತಕ ತೆರೆದೆ, ಉದ್ದ ನೂರ ಇಪ್ಪತ್ತು ಮೀಟರು.
ಕೂದಲಗೆರೆಗೆ ಮೂಗು ತಾಗಿದಾಗ ಗಡಿಯಾರ ಒತ್ತಿ
ಬಾಲ ದಾಟುವಾಗ ನಿಲ್ಲಿಸಿದೆ: ಇಪ್ಪತ್ತಾರು ಸೆಕೆಂಡು.
‘ಒಂಬತ್ತು ಗಂಟು’ ಎಂದ ಶೀನಣ್ಣ,
ನನ್ನ ಭಾಗಾಕಾರ ಮುಗಿಯುವ ಮೊದಲೇ.
‘ಆ ಮೀಸೆ ನೋಡು, ಒಂಬತ್ತರ ಮೀಸೆ ಅದು.’
ಚಕ್ರ ತಿರುಗಿಸಿದೆ. ಟಿಕ್ ಟಿಕ್ ಟಿಕ್.
ಅವನಿಗೆ ಒಂಬತ್ತು, ನನ್ನ ಟಾರ್ಪಿಡೋಗೆ ಮೂವತ್ತು,
ಅಡ್ಡಕ್ಕೆ ಅಡ್ಡ, ಹದಿನೇಳು ಡಿಗ್ರಿ ಮುಂಚೆ.
ಎಲ್ಲ ಮುಳ್ಳೂ ಒಂದೇ ಮಾತು ಆಡಿದವು.
ಇಷ್ಟು ಸರಿಯಾದ ಲೆಕ್ಕ ನಾನು ಶಾಲೆಯಲ್ಲೂ ಮಾಡಿದ್ದಿಲ್ಲ.

‘ಎಂತ ಮಾರಾಯ, ಎಷ್ಟು ಆಳಕ್ಕೆ ಬಿಡ್ತಿ?’
‘ಐದು ಮೀಟರು. ಪುಸ್ತಕದಲ್ಲಿ ಹಾಗೆ ಉಂಟು.’
ಅವನು ಬೀಡಿ ಹುಡುಕುತ್ತ ಸುಮ್ಮನಾದ.

ಬಿಟ್ಟೆ.
ಐವತ್ತಾರು ಸೆಕೆಂಡಿಗೆ ಸದ್ದು ಬರಬೇಕು.
ಐವತ್ತೇಳು.
ಅರವತ್ತು.
ತಗಡಿನ ಮೇಲೆ ಮಳೆ ಒಮ್ಮೆ ಜೋರಾಗಿ ಕಡಿಮೆಯಾಯಿತು.
ಎಪ್ಪತ್ತು.
ಹಡಗು ತನ್ನ ಪಾಡಿಗೆ ಹೋಯಿತು,
ನನ್ನ ಲೆಕ್ಕ ಅದರ ಹೊಟ್ಟೆಯಡಿಯಲ್ಲಿ ನುಸುಳಿ
ಇನ್ನೂ ಎಲ್ಲೋ ಓಡುತ್ತಿತ್ತು.

‘ಕೆಳಗೆ ಕೆಂಪು ಪಟ್ಟಿ ಕಾಣಲಿಲ್ಲವಾ?’ ಶೀನಣ್ಣ ಕೇಳಿದ.
‘ಆಳಿನುದ್ದ ಕೆಂಪು. ಖಾಲಿ ಹಡಗು, ನೀರಿನ ಮೇಲೆ ತೇಲ್ತಾ ಉಂಟು.
ತಳವೇ ಮೂರು ಮೀಟರಿಲ್ಲ.’
ಮೂರೂ ತಟ್ಟೆ ಸುತ್ತಿ ಹುಡುಕಿದೆ,
ತೂಕಕ್ಕೆ ಅಂತ ಒಂದು ಗೆರೆಯೂ ಇಲ್ಲ.
‘ಮೊದಲೇ ಹೇಳಬಾರದಿತ್ತಾ?’
‘ಕೇಳಿದೆನಲ್ಲ, ಎಷ್ಟು ಆಳ ಅಂತ’ ಎಂದು
ಮೊಬೈಲ್ ಕಿತ್ತುಕೊಂಡು ಹೊರಟ, ನಲವತ್ತು ಶೇಕಡಾ ಚಾರ್ಜಿಗೆ.

ಆಗಸ್ಟಿನ ಮೊದಲ ನಸುಕು.
ಎರಡು ದಿನದಿಂದ ಕಂಪ್ರೆಸರಿಗೆ ನಿದ್ದೆಯಿಲ್ಲ, ನನಗೂ.
ಅಂಗೈ ಮರಗಟ್ಟಿದೆ. ಪ್ಲಾಂಟಿನ ಮಾಡಿನ ಮೇಲೆ ನಿಂತು
ಶೀನಣ್ಣನ ಬೋಟು ಅಳಿವೆ ದಾಟುವುದನ್ನು ನೋಡಿದೆ.
ಇಪ್ಪತ್ತೆರಡು ಮೀಟರು, ಕಂಬ ದಾಟಲು ಐದು ಸೆಕೆಂಡು,
ಎಂಟೂವರೆ ಗಂಟು.
ಹೆಬ್ಬೆರಳು ತಾನಾಗಿ ಗಾಳಿಯಲ್ಲಿ ತಟ್ಟೆ ತಿರುಗಿಸಿತು.
ಆಮೇಲೆ ಬೋಟು ಪಡುವಣಕ್ಕೆ ಬೆನ್ನು ತೋರಿಸಿತು;
ಬೆನ್ನಿಗೆ ಚಕ್ರದಲ್ಲಿ ಉತ್ತರವಿಲ್ಲ.

ಕೆಂಪು ಪಟ್ಟಿ ಹುಡುಕಿದೆ.
ಕಾಣಲಿಲ್ಲ.
ನನ್ನ ಐಸು, ಇನ್ನೂರು ಬ್ಲಾಕು,
ಅಷ್ಟೂ ಕೆಂಪನ್ನು ನೀರೊಳಗೆ ಒತ್ತಿ ಹಿಡಿದಿತ್ತು.