ಮೊಲಕ್ಕೆ ಮೂರೇ ಕಾಲು

ಮಾರ್ಚಿನ ಮೊದಲ ಶನಿವಾರ. ಡುಲೂತಿನಲ್ಲಿ
ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇದೆ.
ಅಂಗಡಿಯ ಗಾಜಿನಾಚೆ ಉಪ್ಪು ಬೆರೆತ ಕಂದು ಹಿಮ,
ಒಳಗೆ ಬಟ್ಟೆ ಹೊದ್ದು ನಿಂತಿದೆ ಈ ವರ್ಷದ ಗಾಡಿ:
ಮುಂದೆರಡು ಚಕ್ರ, ಹಿಂದೊಂದು.
ಹೆಣ್ಣು ನೋಡಲು ಬಂದವರ ಹಾಗೆ ಹದಿನೇಳು ಜನ
ಮೊದಲು ತಿಂಡಿಗೆ ಕೈ ಹಾಕಿದರು.

ನಾನು ಹಿಂದಿನ ಶೆಡ್ಡಿನ ಮೆಕ್ಯಾನಿಕ್ಕು.
ಇವರ ಮುಖಕ್ಕಿಂತ ಮೊಣಕಾಲು ನನಗೆ ಹೆಚ್ಚು ಪರಿಚಯ.
ಯಾರಿಗೆ ಸೊಂಟದ ಕೀಲು ಬದಲಾಗಿದೆ, ಯಾರಿಗೆ ತಲೆ ತಿರುಗುತ್ತದೆ,
ಯಾರು ಕೆಂಪು ದೀಪದಲ್ಲಿ ಕಾಲೂರಲಾಗದೆ
ಮುನ್ನೂರೈವತ್ತು ಕಿಲೋ ಕಬ್ಬಿಣದ ಜೊತೆ
ನಿಧಾನಕ್ಕೆ, ಬಹಳ ನಿಧಾನಕ್ಕೆ, ಪಕ್ಕಕ್ಕೆ ಮಲಗಿದರು,
ಆಮೇಲೆ ಮೂರು ಚಕ್ರಕ್ಕೆ ಬಂದರು.
ಕೇಳಿ ನೋಡಿ: "ನನಗೇನಾಗಿದೆ? ಇದೇ ಇಷ್ಟ, ಅಷ್ಟೇ."
ಅವರವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಬಟ್ಟೆ ಸರಿಯಿತು.
"ಕೆಮ್ಮಿನ ಔಷಧಿ ಬಣ್ಣ" ಅಂದಳು ಆರ್ಲಿಸ್ ಟೋರ್ವಿನೆನ್.
ಮರ್ಲಿನ್ ಹಾಗ್‌ಸ್ಟಾಡ್ ಬೆಲೆಯ ಚೀಟಿ ತಿರುಗಿಸಿ ನೋಡಿದ,
ಹಿಂಬದಿಯಲ್ಲಿ ಕಡಿಮೆ ಬರೆದಿರಬಹುದೆಂಬಂತೆ.
"ಪರದೆ ದೊಡ್ಡದಾಗಿದೆ."
"ಪೆಟ್ಟಿಗೆ ಚಿಕ್ಕದಾಗಿದೆ. ನನ್ನ ಥರ್ಮಾಸ್ ಎಲ್ಲಿಡಲಿ?"
"ಪರದೆಯ ಮೇಲೆ."

ಆಮೇಲೆ ಯಾರೋ ಎಡಗಡೆ ಬಗ್ಗಿದರು.
ಗೇರಿನ ಪೆಡಲ್ ಇಲ್ಲ. ಕ್ಲಚ್ಚೂ ಇಲ್ಲ.
ಎಡ ಹೆಬ್ಬೆರಳಿಗೊಂದು ಗುಂಡಿ.
"ಇನ್ನು ಮೇಲೆ ಎಲ್ಲದರಲ್ಲೂ ಹೀಗೇ"
ಅಂದ ಮಾರಾಟದ ಹುಡುಗ, ನೆಲ ನೋಡುತ್ತ.

ಅಂಗಡಿ ಸೂತಕದ ಮನೆಯಾಯಿತು.
ನಲವತ್ತು ವರ್ಷ ಗೇರೆತ್ತಿ ಎತ್ತಿ
ಎಡ ಬೂಟಿನ ತುದಿ ಮಾತ್ರ ಸವೆಸಿದವರು
ಆ ಬೂಟನ್ನೇ ನೋಡಿಕೊಂಡರು.
"ಕಾಲಿಗೆ ಕೆಲಸವಿಲ್ಲದ್ದು ಗಾಡಿಯೇ? ಸೋಫಾ."
"ಎರಡು ಚಕ್ರದವರು ಮೊದಲೇ ನಮಗೆ ಕೈ ಬೀಸುವುದಿಲ್ಲ,
ಇನ್ನು ನಗುತ್ತಾರೆ."
ಕ್ಲೆಟಸ್ ಕಣ್ಣೊರೆಸಿಕೊಂಡ. ಡೋನಟ್ಟಿನ ಸಕ್ಕರೆ ಇರಬೇಕು.

ವೆಂಡೆಲ್ ನೀಮಿ ಏನೂ ಅನ್ನಲಿಲ್ಲ.
ಅದಿರಿನ ಧಕ್ಕೆಯಲ್ಲಿ, ಎಂಬತ್ತೊಂಬತ್ತರಲ್ಲಿ,
ವ್ಯಾಗನ್ನಿನಡಿ ಹೋದದ್ದು ಅವನ ಎಡಗಾಲು.
ಅವನ ಹಳೆಯ ಗಾಡಿಗೆ ಕ್ಲಚ್ಚನ್ನು ಬಲಗೈಗೆ ದಾಟಿಸಿ
ಗೇರಿಗೊಂದು ಸರಳು ಬೆಸೆದವನು ನಾನೇ:
ಹಿಮ ಎತ್ತುವ ಸಲಿಕೆಯ ಕಾವು,
ತುದಿಗೆ ಬಿಲಿಯರ್ಡ್ಸಿನ ಕೆಂಪು ಚೆಂಡು, ಮೂರನೇ ನಂಬರಿನದು.
ಹದಿನಾಲ್ಕು ಬೇಸಿಗೆ, ಪ್ರತಿ ಗೇರಿಗೂ
ಅವನ ಎಡಗೈ ಹ್ಯಾಂಡಲ್ ಬಿಟ್ಟು ಕೆಳಗಿಳಿಯುತ್ತಿತ್ತು.
ಎದುರಿನಿಂದ ಬರುವವರಿಗೆ ಅದು
ರಸ್ತೆಯ ಗೆಳೆಯನೊಬ್ಬ ಕೈ ಬೀಸಿದ ಹಾಗೆ.
ಎರಡು ಚಕ್ರದವರೂ ತಪ್ಪದೆ ಬೀಸುತ್ತಿದ್ದರು.

ಈಗ ಅವನು ಪ್ಯಾಂಟು ಹಿಡಿದು ಕಾಲೆತ್ತಿ ದಾಟಿಸಿ ಕೂತ.
ಗುಂಡಿ ಒತ್ತಿದ. ಟಿಕ್.
ಮತ್ತೊಮ್ಮೆ. ಟಿಕ್.
"ನಿನಗೆಂದೇ ಮಾಡಿದ ಹಾಗಿದೆ" ಅಂದಳು ಆರ್ಲಿಸ್.
ಅವನು ಹದಿನೇಳು ಮುಖಗಳನ್ನೂ ನೋಡಿದ:
"ಅಂತೂ ಎಲ್ಲರೂ ನನ್ನ ದಾರಿಗೆ ಬಂದಿರಿ.
ಬನ್ನಿ, ಜಾಗವಿದೆ."
ಮೊದಲು ನಕ್ಕವನು ಕ್ಲೆಟಸ್.

ಮಂಗಳವಾರ ಸಹಿ ಹಾಕಿದ, ಅದೇ ಕೆಮ್ಮಿನ ಔಷಧಿಯ ಬಣ್ಣಕ್ಕೆ.
ನೇರ ನನ್ನ ಶೆಡ್ಡಿಗೆ ಬಂದ:
"ಆ ಸರಳನ್ನು ಬಿಚ್ಚಿ ಇದಕ್ಕೆ ಬೆಸೆ.
ಯಾವುದಕ್ಕೂ ಜೋಡಿಸಬೇಡ. ಸುಮ್ಮನೆ ಇರಲಿ."
ಯಾಕೆಂದು ಕೇಳಿದೆ.
"ಅಷ್ಟು ವರ್ಷದ ಮೇಲೆ ಒಮ್ಮೆಲೇ ನಿಲ್ಲಿಸಿದರೆ
ಜಂಬ ಬಂತು ಇವನಿಗೆ ಅಂದುಕೊಂಡಾರು."

ವಾರಂಟಿ ಹೋಗುತ್ತದೆ ಅಂದೆ.
ಅವನಾಗಲೇ ಕೋಟಿನ ಜೇಬಿನಿಂದ ಚೆಂಡು ತೆಗೆದು
ನನ್ನ ಮೇಜಿನ ಮೇಲಿಟ್ಟಿದ್ದ.
ಉರುಳಿ ಬಂತು. ಹಿಡಿದೆ. ಬೆಚ್ಚಗಿತ್ತು.