ಕಂಬಿ ಎಷ್ಟು ಭಾರ ಹೊರಬೇಕು

ನಡುರಾತ್ರಿ ಕಪಾಟಿನ ಕಂಬಿ ಕಿತ್ತು ಬಿತ್ತು.
ಬೋರಾ ಗಾಳಿ ಕಿಟಕಿ ಒಡೆಯಿತೆಂದು ಎದ್ದೆ.
ಕದ ತೆಗೆದರೆ ನನ್ನದೇ ಐವತ್ತು ವರ್ಷ
ನುಸಿಗುಳಿಗೆ ನಾರುತ್ತ
ಮೈಮೇಲೆ ಬಂತು.

ಬೆಳಿಗ್ಗೆ ಕೆಳಮನೆಯ ಸ್ಟಾಂಕೊ
ಕಿವಿಗೆ ಪೆನ್ಸಿಲು ಸಿಕ್ಕಿಸಿ, ಅಳತೆಪಟ್ಟಿ ಎಳೆದು ಕೇಳಿದ:
ನೆರೀನಾ, ಹೊಸ ಕಂಬಿ ಎಷ್ಟು ಭಾರ ಹೊರಬೇಕು?

ತ್ರಿಯೆಸ್ತೆಯ ಬಂದರಿನಲ್ಲಿ ಮೂವತ್ತೊಂದು ವರ್ಷ
ಕಾಫಿ ಮೂಟೆಗಳ ತೂಕ ಬರೆದವಳು ನಾನು.
ಬಾಯಿ ಕಟ್ಟಿತು.
ಸಂಜೆ ಹೇಳುತ್ತೇನೆ, ಹೋಗು ಎಂದೆ.

ನಿವೃತ್ತಿಯ ದಿನ ಕಚೇರಿಯವರು ತಮಾಷೆಗೆ ಕೊಟ್ಟ
ಸ್ಪ್ರಿಂಗ್ ತಕ್ಕಡಿ ಅಟ್ಟದಿಂದ ಇಳಿಯಿತು.
ಅಡಿಗೆಮನೆಯ ಬಾಗಿಲಿಗೆ ಸಿಕ್ಕಿಸಿ
ಒಂದೊಂದೇ ತೂಗಿದೆ.

ಕಚೇರಿಯ ಅಂಗಿ ಹದಿನೇಳು.
ಎಲ್ಲದರ ಬಲತೋಳೂ ಮೇಜಿಗೆ ಉಜ್ಜಿ ಸವೆದದ್ದು,
ಎಡತೋಳು ಇನ್ನೂ ಅಂಗಡಿಯದು.

ಹಸಿರು ರೇಷ್ಮೆಯದು, ಒಂದೇ ಸಂಜೆ ತೊಟ್ಟದ್ದು.
ಕುಣಿತಕ್ಕೆ ಕರೆದೊಯ್ಯಲು ಉಲ್ಡೆರಿಕೊ ಬರಲೇ ಇಲ್ಲ.
ಮುನ್ನೂರ ಹತ್ತು ಗ್ರಾಮು.
ಅಷ್ಟು ವರ್ಷದ ಸಿಟ್ಟು ಇಷ್ಟೇ ಹಗುರವೆ
ಎಂದು ಇನ್ನೊಮ್ಮೆ ತೂಗಿದೆ.

ತೆಳ್ಳಗಾದ ಮೇಲೆ ಹಾಕುವೆನೆಂದು ಇಟ್ಟ ಪ್ಯಾಂಟು ನಾಲ್ಕು.
ಒಳಗೆ ನಲವತ್ತರ ನೆರೀನಾ
ಇನ್ನೂ ಹೊಟ್ಟೆ ಒಳಗೆಳೆದು ನಿಂತಿದ್ದಾಳೆ.
ಉಸಿರು ಬಿಡು ಮಾರಾಯ್ತಿ, ಎಂದು
ಗಂಟು ಕಟ್ಟಿದೆ.

ಕೊನೆಗೆ ಅಮ್ಮನ ಕೋಟು.
ಮುಳ್ಳು ನಾಲ್ಕು ಕಿಲೋ ದಾಟಿತು.
ಅಂಚಿನೊಳಗೆ ಅಜ್ಜನ ಮೀನುಬಲೆಯ ಸೀಸದ ಗುಂಡುಗಳು,
ಬೋರಾ ಬೀಸಿದಾಗ ಕೋಟು ಹಾರಿ ಮಾನ ಹೋಗದಿರಲೆಂದು
ಅವಳೇ ಹೊಲಿದದ್ದು.

ಪೋಲಾ ಬಿಟ್ಟು ಹಡಗು ಹತ್ತಿದ ಚಳಿಗಾಲ.
ಉಟ್ಟ ಬಟ್ಟೆಯಲ್ಲಿ ಬಂದೆವು
ಎನ್ನುತ್ತಿದ್ದಳು ಕೇಳಿದವರಿಗೆಲ್ಲ.
ದೀಪ ಆರಿಸಿದ ಮೇಲೆ ನನಗೊಬ್ಬಳಿಗೆ
ಬೆರಳು ಮಡಚಿ ಲೆಕ್ಕ ಒಪ್ಪಿಸುತ್ತಿದ್ದಳು:
ಒಳಲಂಗ ಮೂರು, ಅದರ ಮೇಲೆ ಬೇಸಿಗೆಯದು,
ಅದರ ಮೇಲೆ ಮದುವೆಯದು,
ಅದರ ಮೇಲೆ ಸತ್ತ ತಂಗಿಯದು,
ಎಲ್ಲಕ್ಕೂ ಮೇಲೆ ಈ ಕೋಟು.
ತೋಳು ಮಡಚಲಾಗುತ್ತಿರಲಿಲ್ಲ, ಕೂಸೇ.
ದಡದಲ್ಲಿ ನಿಂತವರಿಗೆ ಕೈ ಬೀಸಲೂ ಆಗಲಿಲ್ಲ.
ಅವರು ಏನೆಂದುಕೊಂಡರೋ.

ಬ್ಲೇಡು ತಂದು ಅಂಚು ಬಿಚ್ಚಿದೆ.
ಗುಂಡು ಹದಿನಾಲ್ಕು.
ಹದಿನೈದನೆಯದರ ಜಾಗದಲ್ಲಿ ಒಂದು ಹಳದಿ ಗುಂಡಿ.
ಸೀಸ ಮುಗಿದಿತ್ತೋ, ಬೇರೆ ಏನೋ.
ನಾನು ಕಂಡ ಯಾವ ಬಟ್ಟೆಯದೂ ಅಲ್ಲ ಅದು.

ಮಧ್ಯಾಹ್ನ, ರೈಲು ನಿಲ್ದಾಣದೆದುರಿನ ಚೌಕ.
ಬೆಟ್ಟ ಕಾಡು ನಡೆದು ಗಡಿ ದಾಟಿದವರು
ಬೆಂಚುಗಳ ಮೇಲೆ ಕಾಲಿನ ಬೊಕ್ಕೆಗೆ ಔಷಧಿ ಹಚ್ಚಿಸಿಕೊಳ್ಳುತ್ತಿದ್ದರು.
ಅಂಗಿಗಳು ಹೋದವು. ಪ್ಯಾಂಟುಗಳಿಗೆ ಯಾರೋ ನಕ್ಕರು.
ಮೀಸೆ ಈಗಷ್ಟೇ ಚಿಗುರಿದ ಹುಡುಗನೊಬ್ಬ
ಹೆಂಗಸರ ಕೋಟೆಂಬುದನ್ನೂ ನೋಡದೆ ತೊಟ್ಟ.
ಬಿಚ್ಚಿದ ಅಂಚಿನ ದಾರ ಹಿಡಿದು
ಇದೇನು ಎಂದು ಹುಬ್ಬಿನಲ್ಲೇ ಕೇಳಿದ.

ನನಗೆ ಅವನ ಮಾತು ಬಾರದು.
ಕೆನ್ನೆ ಉಬ್ಬಿಸಿ ಊದಿ ತೋರಿಸಿದೆ, ಹೀಗೆ, ಗಾಳಿ,
ಎರಡು ಕೈ ಹಾರಿಸಿ, ಕೋಟು ಹೀಗೆ.
ಎಪ್ಪತ್ತೈದರ ಮುದುಕಿ ನಡುಚೌಕದಲ್ಲಿ ರೆಕ್ಕೆ ಬಡಿಯುತ್ತಿದ್ದಳು.
ಅವನು ಬಗ್ಗಿದ, ಮರದ ಬುಡದ ಜಲ್ಲಿ ಬಾಚಿದ,
ಎರಡೂ ಜೇಬಿಗೆ ತುಂಬಿ,
ಸಾಕೇ? ಎಂಬಂತೆ ತಟ್ಟಿ ನೋಡಿಕೊಂಡ.

ಮನೆಯಲ್ಲೇ ಬಿಟ್ಟು ಬಂದಿದ್ದೆನಲ್ಲ, ಆ ಹದಿನಾಲ್ಕನ್ನೂ.

ಸಂಜೆ ಸ್ಟಾಂಕೊಗೆ ಹೇಳಿದೆ: ಆರೂವರೆ ಕಿಲೋ.
ಅದಕ್ಕೆ ಕಂಬಿ ಯಾಕೆ, ಮೊಳೆ ಸಾಕು ಎಂದ.
ಆದರೂ ಅರ್ಧಕ್ಕೆ ಕೊಯ್ದು ಕೂರಿಸಿದ.
ಉಳಿದ ತುಂಡು?
ಟೊಮೇಟೊ ಬಳ್ಳಿಗೆ ಊರು ಎಂದೆ.

ಹಸಿರು ರೇಷ್ಮೆ ಉಳಿಸಿಕೊಂಡಿದ್ದೇನೆ.
ಕೇಳಬೇಡಿ.
ಕದ ತೆಗೆದಾಗಲೆಲ್ಲ
ಅದು ಈಗ ಸ್ವಲ್ಪ ಅಲುಗುತ್ತದೆ,
ಅಲುಗಲು ಜಾಗವಿದೆ.